ಕಡಲಪಾಚಿಯ ಬಣ್ಣ

"ಅದನ್ನ ಕೆಳಗಿಡಿ! ರೀ, ನಿಮಗೇ ಹೇಳ್ತಿರೋದು!"

ನೆರಿಡಾ ತಿರುಗಿ ನೋಡಿದಳು. ಬ್ರೂನಿ ದ್ವೀಪದ ಈ ದಂಡೆಯಲ್ಲಿ ಚಳಿಗಾಲದ ಬೆಳಿಗ್ಗೆ ಅವಳನ್ನೂ ಕಡಲಹಕ್ಕಿಗಳನ್ನೂ ಬಿಟ್ಟರೆ ಬೇರೆ ಯಾರೂ ಇರುತ್ತಿರಲಿಲ್ಲ. ಇಂದು ಬಂಡೆಗಳ ಮೇಲಿಂದ ಒಬ್ಬ ಗಂಡಸು ಕೈ ಬೀಸುತ್ತ ಓಡಿ ಬರುತ್ತಿದ್ದ. ಮಂಡಿಯವರೆಗೆ ರಬ್ಬರ್ ಬೂಟು, ಗಾಳಿಗೆ ಕೆದರಿದ ಗಡ್ಡ. ಬಂದವನೇ ಅವಳ ಗೋಣಿಚೀಲದ ಒಂದು ತುದಿ ಹಿಡಿದುಕೊಂಡ.

ಅವಳು ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದಳು.

ಮೂರು ದಿನದಿಂದ ಬೀಸಿದ ಬಿರುಗಾಳಿ ಕಡಲನ್ನು ಬುಡಸಮೇತ ಕಲಕಿತ್ತು. ದಂಡೆಯುದ್ದಕ್ಕೂ ಕೆಲ್ಪ್ ರಾಶಿ ಬಿದ್ದಿತ್ತು. ತೆಂಗಿನ ಗರಿಯಷ್ಟು ಉದ್ದದ, ತೊಗಲಿನಂತೆ ಹೊಳೆಯುವ ಕಂದು ಕಡಲಪಾಚಿ ಅದು. ಅವಳ ಚೀಲ ಆಗಲೇ ಅರ್ಧ ತುಂಬಿತ್ತು.

"ನೀವು ಸರ್ಕಾರದವರಾ?" ಅವಳು ಕೇಳಿದಳು.

"ಅಲ್ಲ."

"ಹಾಗಾದ್ರೆ ಚೀಲ ಬಿಡಿ."

"ಹಳದಿ ದಾರ ಸುತ್ತಿರೋದು ಏನಾದ್ರೂ ಇದೆಯಾ ಇದ್ರಲ್ಲಿ? ಅದೊಂದು ಕೊಟ್ಬಿಡಿ, ಮಿಕ್ಕಿದ್ದು ನೀವೇ ಹೊತ್ಕೊಂಡು ಹೋಗಿ. ತೋಟಕ್ಕೆ ಗೊಬ್ಬರ ಬೇಕಿದ್ರೆ ಕುದುರೆ ಲದ್ದಿ ಹಾಕ್ಬಾರ್ದಾ? ಯಾರ್ನ ಕೇಳಿದ್ರೂ ಕೊಡ್ತಾರೆ."

"ಗೊಬ್ಬರಕ್ಕಲ್ಲ. ಬಣ್ಣಕ್ಕೆ."

"ಬಣ್ಣಾನಾ?" ಅವನ ಹಿಡಿತ ಕೊಂಚ ಸಡಿಲವಾಯಿತು.

"ಚಿತ್ರ ಬರೀತೀನಿ. ಹಳದಿ ದಾರದ್ದು ಇದ್ರಲ್ಲಿಲ್ಲ. ಮೊನ್ನೆ ಒಂದು ಸಿಕ್ಕಿತ್ತು."

ಅವನ ಮುಖ ಅರಳಿತು. ಆ ಅರಳಿದ ಮುಖ ನೋಡಿ ಅವಳಿಗೆ ಮುಂದಿನ ಮಾತು ಹೇಳಲು ಬಾಯಿ ಬರಲಿಲ್ಲ. ಆದರೂ ಹೇಳಿದಳು.

"ಕುದಿಸ್ಬಿಟ್ಟೆ."

ಅವನು ಚೀಲ ಬಿಟ್ಟು ಒದ್ದೆ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಮದುವೆ ಮನೆಯಲ್ಲಿ ಉಂಗುರ ಕಳೆದುಕೊಂಡವನ ಹಾಗಿದ್ದ. ನೆರಿಡಾಳಿಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು.

ಅವನ ಹೆಸರು ಹ್ಯಾಮಿಶ್. ದ್ವೀಪದ ದಕ್ಷಿಣದ ತುದಿಯಲ್ಲಿ ತಗಡಿನ ಚಾವಣಿಯ ಒಂದು ಸಣ್ಣ ಶೆಡ್ಡಿನಲ್ಲಿ ಅವನು ಕೆಲ್ಪ್ ಸಸಿಗಳನ್ನು ಬೆಳೆಸುತ್ತಿದ್ದ. ಗಾಜಿನ ಬಾಟಲಿಗಳಲ್ಲಿ ಬೀಜಕಣ ಕಾಪಿಟ್ಟು, ಹಳದಿ ದಾರಕ್ಕೆ ಅಂಟಿಸಿ, ದಾರವನ್ನು ಕಡಲಡಿಯ ಬಂಡೆಗಳಿಗೆ ಬಿಗಿಯುವುದು ಅವನ ಕೆಲಸ. ನೀರು ಬಿಸಿಯಾಗುತ್ತ ಹೋದ ಹಾಗೆ ಈ ಕರಾವಳಿಯ ಕೆಲ್ಪ್ ಕಾಡು ಸತ್ತು ಹೋಗಿತ್ತು. ದೂರದ ತಂಪು ನೀರಿನಿಂದ ಅಲೆ ಹೊತ್ತು ತಂದದ್ದಷ್ಟೇ ದಂಡೆಗೆ ಬೀಳುತ್ತಿತ್ತು. ಬಿಸಿ ತಡೆದುಕೊಳ್ಳುವ ತಳಿಯನ್ನು ಅವನು ಹುಡುಕುತ್ತಿದ್ದ.

"ನೀವು ಕುದಿಸಿದ್ದು ನನ್ನ ಎರಡು ಬೇಸಿಗೆ ದಾಟಿದ ಗಿಡ," ಎಂದ. "ಬಿರುಗಾಳಿಗೆ ಕಿತ್ತು ಬಂತು ಅಂತ ಗೊತ್ತಿತ್ತು. ಬೇರಿನ ಗಡ್ಡೆಯಾದ್ರೂ ಸಿಕ್ಕಿದ್ರೆ…"

"ಪಾತ್ರೇಲಿ ಇನ್ನೂ ಇದೆ. ನೋಡ್ಬೇಕಾ?"

ಅದೆಂಥ ಆಹ್ವಾನವೋ ಅವಳಿಗೇ ತಿಳಿಯಲಿಲ್ಲ. ಅವನು ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡ.

"ನೋಡ್ಬೇಕು," ಎಂದ. "ಅಂತಿಮ ದರ್ಶನ."

*

ಅವಳ ಸ್ಟುಡಿಯೋ ಒಂದು ಕಾಲದಲ್ಲಿ ಸೇಬು ಪ್ಯಾಕ್ ಮಾಡುವ ಕೊಟ್ಟಿಗೆಯಾಗಿತ್ತು. ತೋಟ ಹೋಗಿ ಎಷ್ಟೋ ವರ್ಷವಾಗಿದ್ದರೂ ಮಳೆ ಬಂದ ದಿನ ಮರದ ಹಲಗೆಗಳಿಂದ ಸೇಬಿನ ವಾಸನೆ ಬರುತ್ತಿತ್ತು. ಒಲೆಯ ಮೇಲೆ ಅಲ್ಯೂಮಿನಿಯಂ ಹಂಡೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜಾಮ್ ಬಾಟಲಿಗಳು. ಒಂದರಲ್ಲಿ ರಸ್ತೆ ಬದಿಯ ಜೇಡಿ, ಒಂದರಲ್ಲಿ ಸುಟ್ಟ ಬ್ಯಾಂಕ್ಸಿಯಾ ಮರದ ಇದ್ದಿಲು, ಮತ್ತೊಂದರಲ್ಲಿ ಚಿಪ್ಪಿನ ಪುಡಿ.

ಅಂಗಡಿಯ ಬಣ್ಣ ಬಿಟ್ಟು ಬಹಳ ಕಾಲವಾಗಿತ್ತು. ಒಮ್ಮೆ ಕುಂಚ ತೊಳೆದ ನೀಲಿ ನೀರು ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೊಲ್ಲಿಗೆ ಹರಿದು ಹೋಗುವುದನ್ನು ನೋಡಿದ್ದಳು. ಆ ಕೊಲ್ಲಿಯನ್ನೇ ಕ್ಯಾನ್ವಾಸಿನ ಮೇಲೆ ಬರೆಯುತ್ತಿದ್ದಳು. ಅವತ್ತೇ ಆ ಬಣ್ಣದ ಸಹವಾಸ ಸಾಕೆನಿಸಿತು.

ಹ್ಯಾಮಿಶ್ ಹಂಡೆಗೆ ಬಗ್ಗಿ ಸೌಟಿನಿಂದ ಕಲಕಿದ. ಗಾಢ ಕಂದು ನೀರು ಸುತ್ತಿತು.

"ಪಾಪ," ಎಂದ. "ಸೂಪು ಮಾಡ್ಬಿಟ್ಟಿದೀರ."

"ಸ್ವಲ್ಪ ಇರಿ."

ಅವಳು ಕುಂಚ ಅದ್ದಿ ಒಂದು ಹಾಳೆಯ ಮೇಲೆ ಉದ್ದಕ್ಕೆ ಎಳೆದಳು. ಮೊದಲು ಬರಿ ಒದ್ದೆ ಗೆರೆಯಾಗಿತ್ತು. ಒಣಗುತ್ತ ಬಂದಂತೆ ಒಳಗಿಂದ ಬೆಳಕು ಮೂಡಿದ ಹಾಗೆ ಹೊಂಬಣ್ಣಕ್ಕೆ ತಿರುಗಿತು, ಗಾಜಿನ ಲೋಟದ ಚಹಾವನ್ನು ಬಿಸಿಲಿಗೆ ಹಿಡಿದ ಹಾಗೆ.

ಅವನು ಹಾಳೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಕಣ್ಣಿನ ಸುತ್ತ ಬಿಸಿಲಿಗೆ ಬಿದ್ದ ಸಣ್ಣ ಗೆರೆಗಳಿದ್ದವು. ಅವು ಒಂದೊಂದಾಗಿ ಸಡಿಲವಾಗುವುದನ್ನು ಅವಳು ನೋಡಿದಳು. ನೋಡುತ್ತಿದ್ದೇನೆ ಎಂದು ಹೊಳೆದು ತಟ್ಟನೆ ಹಂಡೆಯ ಕಡೆ ತಿರುಗಿದಳು.

"ಮಧ್ಯಾಹ್ನ ನೀರೊಳಗಿಂದ ಮೇಲೆ ನೋಡಿದ್ರೆ," ಅವನ ದನಿ ಮೆತ್ತಗಾಗಿತ್ತು, "ಎಲೆಗಳ ಸಂದೀಲಿ ಬಿಸಿಲು ಬೀಳುತ್ತಲ್ಲ, ಆಗ ಸರಿಯಾಗಿ ಹೀಗೇ ಕಾಣುತ್ತೆ. ಇದೇ ಬಣ್ಣ."

"ಗೊತ್ತು," ಎಂದಳು ನೆರಿಡಾ. "ಚಿಕ್ಕವಳಿದ್ದಾಗ ಅಪ್ಪನ ದೋಣೀಲಿ ಬಗ್ಗಿ ನೋಡ್ತಿದ್ದೆ. ಹುಟ್ಟು ಹಾಕಿದ್ರೆ ಕೆಲ್ಪ್‌ಗೆ ಸಿಕ್ಕಿ ಹಾಕ್ಕೋತಿತ್ತು. ಅಪ್ಪ ಬೈಕೋತಿದ್ರು."

ಗೋಡೆಯುದ್ದದ ಕ್ಯಾನ್ವಾಸ್ ಅವನಿಗೆ ಆಗ ಕಂಡಿತು. ನೆಲದಿಂದ ತೊಲೆಯವರೆಗೆ ಕಾಡು. ಹೊಂಗಂದು ಕಾಂಡಗಳು ಕೆಳಗಿನ ಕತ್ತಲಿಂದ ಮೇಲಿನ ಬೆಳಕಿಗೆ ಏರುತ್ತಿದ್ದವು. ಅವನು ಟೋಪಿ ತೆಗೆದ. ಯಾಕೆ ತೆಗೆದೆ ಎಂದು ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

*

ಅಂದಿನಿಂದ ಅವರ ನಡುವೆ ಒಂದು ಒಪ್ಪಂದವಾಯಿತು. ದಂಡೆಯಲ್ಲಿ ಹಳದಿ ದಾರದ್ದು ಸಿಕ್ಕರೆ ಅವಳು ಬಕೆಟ್ಟಿನ ಉಪ್ಪುನೀರಿನಲ್ಲಿ ಜೋಪಾನವಾಗಿಡಬೇಕು. ಅವನು ಬಂದು ಅದನ್ನು ಒಯ್ದು, ಬದಲಿಗೆ ಸತ್ತ ಕೆಲ್ಪ್ ತಂದು ಬಾಗಿಲಲ್ಲಿಡಬೇಕು.

ಬಿರುಗಾಳಿ ನಿಂತಿತು. ಹಳದಿ ದಾರ ಸಿಗುವುದೂ ನಿಂತಿತು. ಆದರೂ ಅವನು ಬರುವುದು ನಿಲ್ಲಲಿಲ್ಲ.

"ದಾರ ಏನಾದ್ರೂ ಸಿಕ್ತಾ?" ಬಾಗಿಲಲ್ಲೇ ಕೇಳುತ್ತಿದ್ದ.

"ಇಲ್ಲ."

"ಹೌದಾ. ಹೋಗ್ಲಿ. ಚಹಾ ಏನಾದ್ರೂ ಸಿಗುತ್ತಾ?"

ದ್ವೀಪದ ಅಂಗಡಿ ನಡೆಸುವ ಮರಿಯಲ್ ಅಜ್ಜಿಯ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ. ಒಂದು ದಿನ ನೆರಿಡಾ ಬ್ರೆಡ್ಡಿಗೆ ಹೋದಾಗ ಅಜ್ಜಿ ಕೌಂಟರಿನ ಮೇಲೆ ಮೊಣಕೈ ಊರಿದಳು.

"ನಮ್ಮ ಕಾಲದಲ್ಲಿ ಗಂಡಸರು ಹೂವು ತರ್ತಿದ್ರಮ್ಮ. ಕೊಳೆತ ಪಾಚಿ ಹೊತ್ಕೊಂಡು ಬರೋನ್ನ ಇದೇ ಮೊದಲು ನೋಡ್ತಿರೋದು."

"ಅದು ಕೆಲಸಕ್ಕೆ, ಅಜ್ಜಿ."

"ಹೂಂ, ಹೂಂ. ಕೆಲಸಕ್ಕೆ ಬರೋನು ಗಡ್ಡ ಯಾಕೆ ಟ್ರಿಮ್ ಮಾಡಿಸ್ಕೋತಾನೆ? ನಿನ್ನೆ ಇಲ್ಲೇ ಕನ್ನಡಿ ನೋಡ್ಕೋತಿದ್ದ. ನನ್ನ ಬೇಕನ್ ಫ್ರಿಜ್ಜಿನ ಗಾಜಲ್ಲಿ!"

ನೆರಿಡಾಳ ಕಿವಿ ಕೆಂಪಾಯಿತು. ನಲವತ್ತಮೂರರ ವಯಸ್ಸಿನಲ್ಲಿ ಹೀಗೆ ಕೆಂಪಾಗುವುದು ಅವಳಿಗೆ ಸರಿ ಕಾಣಲಿಲ್ಲ. ಹೋಬಾರ್ಟ್ ನಗರದಲ್ಲಿ ಒಬ್ಬನ ಜೊತೆ ಬಾಳಿ, ಅವನು ಮೆಲ್ಬರ್ನಿಗೆ ಹೊರಟಾಗ ತಾನು ದ್ವೀಪಕ್ಕೆ ವಾಪಸು ಬಂದವಳು. ಇನ್ನು ನನಗೆ ಕುಂಚವೇ ಸಾಕು ಎಂದುಕೊಂಡಿದ್ದಳು. ಈಗ ಅಂಗಳದಲ್ಲಿ ಹ್ಯಾಮಿಶ್‌ನ ಸಣ್ಣ ಲಾರಿಯ ಸದ್ದಾದರೆ ಕುಂಚ ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು.

ವಸಂತದಲ್ಲಿ ಒಂದು ಮಧ್ಯಾಹ್ನ ಅವಳು ಏಣಿಯ ಮೇಲಿದ್ದಳು. ಅವನು ಕೆಳಗೆ ನಿಂತು ಬಣ್ಣದ ಬಟ್ಟಲು ಹಿಡಿದಿದ್ದ.

"ನಿಮ್ಮ ಕೆನ್ನೆ ಮೇಲೆ ಕೆಲ್ಪ್ ಇದೆ," ಎಂದ.

"ಎಲ್ಲಿ?"

"ಅಲ್ಲಲ್ಲ, ಈ ಕಡೆ. ಊಹೂಂ, ಇನ್ನೂ ಕೆಳಗೆ."

ಅವಳು ಮೊಣಕೈಯಿಂದ ಒರೆಸಿಕೊಂಡಳು. ಇನ್ನಷ್ಟು ಹರಡಿತು. ಅವನು ನಕ್ಕ.

"ನಗೋ ಬದ್ಲು ಒರೆಸ್ಬಾರ್ದಾ ನೀನು?"

'ನೀನು' ಎಂದುಬಿಟ್ಟಿದ್ದಳು. ಇಬ್ಬರಿಗೂ ಕೇಳಿಸಿತು. ಅವನು ಬಟ್ಟಲು ಕೆಳಗಿಟ್ಟು ಏಣಿಯ ಎರಡು ಮೆಟ್ಟಿಲು ಹತ್ತಿ, ಹೆಬ್ಬೆರಳಿನಿಂದ ಅವಳ ಕೆನ್ನೆ ಒರೆಸಿದ. ಉಪ್ಪುನೀರಿಗೆ ಒರಟಾದ ಬೆರಳು ಅದು. ಒಂದು ಕ್ಷಣ ಜಾಸ್ತಿಯೇ ಅಲ್ಲಿ ನಿಂತಿತು.

"ಹೋಯ್ತಾ?" ಅವಳು ಕೇಳಿದಳು.

"ಇಲ್ಲ," ಎಂದ ಅವನು. "ನಿನಗೆ ಚೆನ್ನಾಗೇ ಒಪ್ಪುತ್ತೆ. ಇರ್ಲಿ ಬಿಡು."

*

ಮುರಿದು ಬಿದ್ದದ್ದು ಒಂದು ಆಮಂತ್ರಣ ಪತ್ರಿಕೆಯಿಂದ.

ಬೇಸಿಗೆ ಕಳೆದ ಮೇಲಿನ ಶರತ್ಕಾಲದಲ್ಲಿ ಹೋಬಾರ್ಟಿನ ಗ್ಯಾಲರಿಯೊಂದರಲ್ಲಿ ನೆರಿಡಾಳ ಚಿತ್ರಪ್ರದರ್ಶನ ನಿಗದಿಯಾಗಿತ್ತು. ಗ್ಯಾಲರಿಯ ಒಡತಿ ಪೆಟ್ರಾ ಜನವರಿಯಲ್ಲೇ ಕಾರ್ಡು ಅಚ್ಚು ಹಾಕಿಸಿ ಕಳಿಸಿದ್ದಳು. ಮೇಜಿನ ಮೇಲಿದ್ದ ಕಟ್ಟಿನಿಂದ ಹ್ಯಾಮಿಶ್ ಒಂದನ್ನು ಎತ್ತಿಕೊಂಡು ಓದಿದ.

"'ಕೊನೆಯ ಕಾಡು. ಇನ್ನಿಲ್ಲವಾದ ಕೆಲ್ಪ್ ವನಕ್ಕೊಂದು ಶ್ರದ್ಧಾಂಜಲಿ.'" ಅವನು ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಶ್ರದ್ಧಾಂಜಲಿ."

"ಪೆಟ್ರಾ ಬರ್ದಿದ್ದು. ನಾನೂ ಒಪ್ಪಿದೆ."

"ನಾನು ದಿನಾ ನೀರಿಗೆ ಇಳಿಯೋದು ಹೆಣ ಕಾಯೋಕೆ ಅಂದ್ಕೊಂಡಿದೀಯಾ, ನೆರಿಡಾ?"

"ಹಾಗಲ್ಲ. ನೀನು ನೆಡ್ತೀಯ, ಬೇಸಿಗೆ ಬಂದು ಸುಟ್ಟು ಹಾಕುತ್ತೆ. ಮತ್ತೆ ನೆಡ್ತೀಯ. ನಾನು ಇದ್ದದ್ದನ್ನ ಬರೀತೀನಿ. ಯಾರಾದ್ರೂ ನೆನಪಿಟ್ಕೊಳ್ಲಿ ಅಂತ."

"ಇದ್ದದ್ದು! ಈಗ ಇರೋದನ್ನ ಒಂದ್ಸಲ ಬಂದು ನೋಡಿದೀಯಾ? ಇಲ್ಲಿಂದ ಅರ್ಧ ಗಂಟೆ ದೋಣಿ. ಎಷ್ಟು ಸಲ ಕರ್ದೆ ನಾನು?"

ಕರೆದಿದ್ದ. ಪ್ರತಿ ಸಲವೂ ಅವಳು ಮಾತು ತೇಲಿಸಿದ್ದಳು. ಚಿಕ್ಕಂದಿನ ಕಾಡನ್ನು ಕಣ್ಣಲ್ಲಿಟ್ಟುಕೊಂಡು, ಇಪ್ಪತ್ತರ ಹರೆಯದಲ್ಲಿ ಒಮ್ಮೆ ಅದೇ ಕೊಲ್ಲಿಯಲ್ಲಿ ಈಜುವವರ ಗಾಜಿನ ಮುಖವಾಡ ಹಾಕಿ ನೀರಿಗಿಳಿದಿದ್ದಳು. ಬೋಳು ಬಂಡೆ. ಅದರ ಮೇಲೆ ಮುಳ್ಳುಚೆಂಡಿನಂಥ ಕರಿ ಕಡಲಜೀವಿಗಳು, ಅರ್ಚಿನ್‌ಗಳು, ಉಳಿದ ಹಸಿರನ್ನೂ ಕೆರೆದು ತಿನ್ನುತ್ತಿದ್ದವು. ಅಂದಿನಿಂದ ಅವಳು ನೀರಿನಲ್ಲಿ ಮುಖ ಇಟ್ಟಿರಲಿಲ್ಲ.

"ಬರಲ್ಲ," ಎಂದಳು. "ನೋಡಿದ್ರೆ ಆಸೆ ಹುಟ್ಟುತ್ತೆ. ಆಮೇಲೆ ಅದೂ ಸಾಯುತ್ತೆ. ಒಂದ್ಸಲ ಆಗಿದ್ದು ಸಾಕು ನನಗೆ."

"ಕಾಡಿನ ವಿಷಯ ಮಾತ್ರ ಹೇಳ್ತಿದೀಯಾ?"

ಅವಳು ಕುಂಚ ಒರೆಸುತ್ತ ನಿಂತಳು. ಅವನು ಖಾಲಿ ಬಕೆಟ್ ಎತ್ತಿಕೊಂಡು ಹೊರಟು ಹೋದ.

*

ಫೆಬ್ರವರಿಯ ಕಡುಬೇಸಿಗೆಯಲ್ಲಿ ಉತ್ತರದಿಂದ ಬಿಸಿನೀರಿನ ಪ್ರವಾಹ ಇಳಿದು ಬಂತು. ದಂಡೆಯಲ್ಲಿ ಹುಡುಗರು ಖುಷಿಯಿಂದ ಈಜಿದರು. ಇಷ್ಟು ಬೆಚ್ಚಗಿನ ನೀರನ್ನು ತಾನು ಹುಟ್ಟಿದಾಗಿಂದ ಕಂಡಿಲ್ಲ ಎಂದಳು ಮರಿಯಲ್ ಅಜ್ಜಿ. ನೆರಿಡಾ ಕಾಲು ಅದ್ದಿ ನೋಡಿದಳು. ಹಿತವಾಗಿತ್ತು. ಆ ಹಿತಕ್ಕೇ ತಟ್ಟನೆ ಕಾಲು ಹಿಂದೆಳೆದುಕೊಂಡಳು.

ಲಾರಿಯ ಸದ್ದು ಅಂಗಳಕ್ಕೆ ಬಂದು ಎಷ್ಟೋ ದಿನವಾಗಿತ್ತು. ಅವಳು ಬಣ್ಣ ಕಲಸುವುದು, ಚೆಲ್ಲುವುದು, ಮತ್ತೆ ಕಲಸುವುದು. ದೊಡ್ಡ ಕ್ಯಾನ್ವಾಸಿನ ಮುಂದೆ ನಿಂತರೆ ಅದು ಬರಿ ಗೋಡೆಯ ಹಾಗೆ ಕಾಣುತ್ತಿತ್ತು.

ಮಾರ್ಚ್ ಶುರುವಿಗೆ ಅಂಗಡಿಯಲ್ಲಿ ಸುದ್ದಿ ಸಿಕ್ಕಿತು.

"ನಿನ್ನ ಪಾಚಿ ಹುಡುಗ ಗಂಟುಮೂಟೆ ಕಟ್ತಿದಾನಂತೆ," ಅಜ್ಜಿ ಈ ಸಲ ನಗಲಿಲ್ಲ. "ಗಿಡ ಎಲ್ಲ ಹೋಯ್ತಂತೆ. ಶೆಡ್ಡು ಕೊಟ್ಟಿದ್ದ ಸಂಸ್ಥೆಯವರು ಸಾಕು ಅಂದ್ರಂತೆ. ವಿಕ್ಟೋರಿಯಾ ಕಡೆ ಅದ್ಯಾವುದೋ ಮೀನು ಫಾರಮ್ಮಲ್ಲಿ ಕೆಲಸವಂತೆ. ಇಲ್ಲೇ ಕೂತು ಬ್ರೆಡ್ ಹಿಸುಕ್ತಾ ಇರ್ತೀಯೋ, ಹೋಗ್ತೀಯೋ?"

ನೆರಿಡಾ ನೋಡಿಕೊಂಡಳು. ಕೈಯಲ್ಲಿದ್ದ ಬ್ರೆಡ್ ನಿಜಕ್ಕೂ ಹಿಚುಕಿ ಹೋಗಿತ್ತು.

ಅವನು ಜೆಟ್ಟಿಯಲ್ಲಿ ದೋಣಿಯ ಹಗ್ಗ ಸುತ್ತುತ್ತಿದ್ದ. ತೆಳ್ಳಗಾಗಿದ್ದ. ಅವಳನ್ನು ಕಂಡು ಎದ್ದು ನಿಂತ, ಆದರೆ ಹತ್ತಿರ ಬರಲಿಲ್ಲ.

"ನನ್ನನ್ನ ಕರ್ಕೊಂಡು ಹೋಗು," ಎಂದಳು. "ನೋಡ್ಬೇಕು."

"ಈಗ? ಈಗ ನೋಡೋಕೇನಿದೆ ಮಾರಾಯ್ತಿ? ಗೆದ್ದೆ ನೀನು. ಶ್ರದ್ಧಾಂಜಲಿ ಸರಿಯಾಗಿತ್ತು."

"ಗೆಲ್ಲೋಕೆ ಬಂದಿಲ್ಲ ನಾನು. ನೀನೊಬ್ಬನೇ ನೋಡಿದ್ದನ್ನ ನಾನೂ ನೋಡ್ಬೇಕು. ಅಷ್ಟೇ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಹಗ್ಗ ಬಿಚ್ಚಿದ.

ನೀರಿಗಿಳಿಯಲು ಅವನು ಕೊಟ್ಟ ರಬ್ಬರ್ ವೆಟ್‌ಸೂಟು ಅವಳಿಗೆ ದೊಡ್ಡದಾಗಿತ್ತು. ಅವಳು ದೋಣಿಯ ಅಂಚಿನಲ್ಲಿ ಕೂತಳು. ಅವನು ಮೊದಲು ಇಳಿದು ಕೈ ಚಾಚಿದ. "ಕೈ ಬಿಡಲ್ಲ," ಎಂದ. ಅವಳು ಕಣ್ಣು ಮುಚ್ಚಿ ಇಳಿದು, ನೀರಿನಲ್ಲಿ ಮುಖವಿಟ್ಟು, ಆಮೇಲೆ ಕಣ್ಣು ತೆರೆದಳು.

ಸಾಲು ಸಾಲು ದಾರ. ಎಲ್ಲವೂ ಬೋಳು. ಕೆಲವಕ್ಕೆ ಬಿಳಿಚಿದ ಲೋಳೆ ಅಂಟಿ ತೂಗುತ್ತಿತ್ತು. ಎಷ್ಟೊಂದು ದಾರ! ಒಬ್ಬ ಮನುಷ್ಯ ಒಂದೊಂದನ್ನೂ ಕೈಯಿಂದ ಬಿಗಿದಿದ್ದಾನೆ ಎಂದು ಅವಳಿಗೆ ಮೊದಲ ಸಲ ಕಣ್ಣಿಗೆ ಕಟ್ಟಿತು. ಮುಖವಾಡದೊಳಗೆ ಕಣ್ಣೀರು ಬಂತು. ಒರೆಸಿಕೊಳ್ಳುವ ಹಾಗಿರಲಿಲ್ಲ.

ಅವನು ಅವಳ ಕೈ ಎಳೆದು ಮುಂದೆ ಕರೆದೊಯ್ದ. ಬಂಡೆ ಇಳಿಜಾರಾಗಿ ಆಳಕ್ಕೆ ಹೋಗುವ ಅಂಚಿನಲ್ಲಿ ಮೂರು ಗಿಡಗಳಿದ್ದವು. ಮೊಳದುದ್ದ ಇದ್ದಾವು. ಎಲೆಗಳು ಅಲೆಗೆ ಬಾಗಿ, ಎದ್ದು, ಮತ್ತೆ ಬಾಗುತ್ತಿದ್ದವು. ಬಿಸಿಲು ಬಿದ್ದಾಗ ಹೊಂಬಣ್ಣ.

ದೋಣಿಗೆ ಹತ್ತಿದ ಮೇಲೆ ಅವಳು ಟವೆಲ್ ಹೊದ್ದು ಕೂತಳು.

"ಮೂರು ಉಳಿದಿವೆ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಆದ್ರೂ ಹೊರಟಿದೀಯ?"

ಅವನು ಇಂಜಿನ್ನಿನ ಮೇಲೆ ಕೈಯಿಟ್ಟು ಕಡಲ ಕಡೆ ನೋಡಿದ. "ಎಲ್ಲ ಹೋಗಿದ್ರೆ ಅತ್ತು ಮುಗಿಸ್ಬೋದಿತ್ತು. ಈ ಮೂರು ಇದಾವಲ್ಲ, ಇವನ್ನ ಬಿಟ್ಟು ಮಲಗೋಕೂ ಆಗ್ತಿಲ್ಲ. ನಾಳೆ ಇರ್ತಾವೋ ಇಲ್ವೋ ಅಂತ. ಹೆದರಿಕೆ ಕಣೇ. ನೀನು ಹೇಳಿದ್ದು ಆಗ ಅರ್ಥ ಆಗಿರ್ಲಿಲ್ಲ. ಈಗ ಆಯ್ತು."

ಅವಳು ಟವೆಲಿನ ಅರ್ಧವನ್ನು ಅವನ ಹೆಗಲ ಮೇಲೆ ಹಾಕಿದಳು. ಅವನು ಇಂಜಿನ್ ಶುರು ಮಾಡಲಿಲ್ಲ. ದೋಣಿ ಸ್ವಲ್ಪ ಹೊತ್ತು ತನ್ನ ಪಾಡಿಗೆ ತೇಲಿತು.

*

ಮರುದಿನ ಅವಳು ದೊಡ್ಡ ಕ್ಯಾನ್ವಾಸಿನ ಮೇಲೆ ಚಿಪ್ಪಿನ ಪುಡಿ, ಜೇಡಿ, ಇದ್ದಿಲು ಕಲಸಿ ಬೂದು ಬಣ್ಣ ಹಚ್ಚಲು ಶುರು ಮಾಡಿದಳು. ವರ್ಷಗಟ್ಟಲೆ ಬರೆದ ಕಾಡು ಒಂದೊಂದೇ ಕಾಂಡವಾಗಿ ಮುಚ್ಚಿಹೋಯಿತು. ಮಿಕ್ಕ ಚಿತ್ರಗಳೆಲ್ಲ ಅದೇ ವಾರ ಫೆರ್ರಿ ಹತ್ತಿ ಹೋಬಾರ್ಟಿಗೆ ಹೋದವು. ಇದೊಂದು ಮಾತ್ರ ಹೋಗಲಿಲ್ಲ.

ಪೆಟ್ರಾ ಫೋನಿನಲ್ಲಿ ಕಿರುಚಿದಳು. "ಮುಖ್ಯವಾದದ್ದೇ ಇಲ್ಲ ಅಂದ್ರೆ ಹೇಗೇ?"

"ಬರುತ್ತೆ. ಬೇರೆ ಥರ ಬರುತ್ತೆ. ಮತ್ತೆ ಆ ಶ್ರದ್ಧಾಂಜಲಿ ಅನ್ನೋದನ್ನ ತೆಗೆದುಬಿಡು."

"ಕಾರ್ಡು ಅಚ್ಚಾಗಿದೆ, ತಾಯಿ!"

"ಪೆನ್ ತಗೊಂಡು ನಾನೇ ಕೂತು ಒಂದೊಂದರ ಮೇಲೂ ಗೀಟು ಹಾಕ್ತೀನಿ. ನಾಳೇನೇ ಬರ್ತೀನಿ ಬೇಕಾದ್ರೆ."

ಹ್ಯಾಮಿಶ್ ಹೊರಡುವ ದಿನ ಲಾರಿ ಅಂಗಳದಲ್ಲಿ ನಿಂತಿತು. ಹಿಂದೆ ಹಾಸಿಗೆ, ಪುಸ್ತಕದ ಪೆಟ್ಟಿಗೆ, ಡೈವಿಂಗ್ ಸಿಲಿಂಡರ್‌ಗಳು. ಐಸ್ ತುಂಬಿದ ಎರಡು ದೊಡ್ಡ ಡಬ್ಬಿಗಳೂ ಇದ್ದವು.

"ಮೂರು ಗಂಟೆ ಫೆರ್ರಿ," ಎಂದ. "ಹೇಳಿ ಹೋಗೋಣ ಅಂತ…"

ಮಾತು ನಿಂತಿತು. ಅವನಿಗೆ ಕ್ಯಾನ್ವಾಸ್ ಕಂಡಿತ್ತು. ಗೋಡೆಯಗಲದ ಬೋಳು ಬೂದು ಬಂಡೆ. ಕೆಳಗೆ ಒಂದು ಮೂಲೆಯಲ್ಲಿ, ಇದ್ದಷ್ಟೇ ಗಾತ್ರದಲ್ಲಿ, ಹೊಂಬಣ್ಣದ ಮೂರು ಗಿಡಗಳು.

ಅವನು ಹತ್ತಿರ ಹೋದ. ಮಂಡಿಯೂರಿ ಕೂತು ನೋಡಿದ.

"ಎಡಗಡೇದರ ಎಲೆ ಹರಿದಿರೋದೂ ಬರ್ದಿದೀಯ."

"ಇದ್ದ ಹಾಗೆ ಬರ್ದೆ."

"ಮೇಲೆಲ್ಲ ಖಾಲಿ ಬಿಟ್ಟಿದೀಯಲ್ಲ."

"ಮುಂದೆ ಏನಾಗುತ್ತೋ ನನಗೇನು ಗೊತ್ತು? ಅದು ನೀನು ಹೇಳ್ಬೇಕು." ಅವಳು ಲಾರಿಯ ಕಡೆ ಕೈ ತೋರಿಸಿದಳು. "ಆ ಡಬ್ಬೀಲಿ ಏನಿದೆ?"

"ಬೀಜಕಣದ ಬಾಟಲಿಗಳು. ಆ ಮೂರರದ್ದೂ ಇದೆ. ತಂಪಾಗಿ, ಕತ್ತಲಲ್ಲಿ ಇಡ್ಬೇಕು. ಫಾರಮ್ಮಿನವರು ಒಂದು ಫ್ರಿಜ್ಜಿನ ಮೂಲೆ ಕೊಡ್ತೀವಿ ಅಂದಿದಾರೆ. ಎಲ್ಲಾ ಹಿಡಿಯಲ್ಲ. ಅರ್ಧ ಚೆಲ್ಬೇಕಾಗುತ್ತೆ."

ನೆರಿಡಾ ಕೊಟ್ಟಿಗೆಯ ಹಿಂದಿನ ಬಾಗಿಲು ತೆರೆದಳು. ಸೇಬು ದಾಸ್ತಾನು ಮಾಡುತ್ತಿದ್ದ ಕೋಣೆ. ಮೊಳದಪ್ಪದ ಗೋಡೆ, ಒಂದೂ ಕಿಟಕಿಯಿಲ್ಲ. ಇಷ್ಟು ದಿನ ಅವಳ ಚಿತ್ರಗಳನ್ನು ಇಟ್ಟಿದ್ದ ಜಾಗ ಈಗ ಪೂರ್ತಿ ಬರಿದಾಗಿತ್ತು. ಒಳಗಿಂದ ತಣ್ಣನೆ ಗಾಳಿ ಬಂದು ಇಬ್ಬರ ಮುಖಕ್ಕೂ ತಾಗಿತು.

"ಇಲ್ಲಿ ಹಿಡಿಯುತ್ತಾ?"

ಅವನು ಗೋಡೆ ಮುಟ್ಟಿ ನೋಡಿದ. "ಹಿಡಿಯುತ್ತೆ. ಆದ್ರೆ ಸುಮ್ನೆ ಇಟ್ರೆ ಆಗಲ್ಲ, ನೆರಿಡಾ. ಸಣ್ಣ ಕೆಂಪು ದೀಪ ಹಾಕ್ಬೇಕು, ನೀರು ಬದಲಾಯಿಸ್ಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು."

"ನನಗೆ ಅದೆಲ್ಲ ಬರಲ್ಲ. ಬರೋರು ಯಾರಾದ್ರೂ ಇಲ್ಲೇ ಇರ್ಬೇಕಾಗುತ್ತೆ."

ಅವನು ತಿರುಗಿದ. ಕಣ್ಣ ಸುತ್ತಲಿನ ಆ ಗೆರೆಗಳು ಮತ್ತೆ ಸಡಿಲವಾಗುತ್ತಿದ್ದವು. ಈ ಸಲ ಅವಳು ಬೇರೆ ಕಡೆ ನೋಡಲಿಲ್ಲ.

"ಇದು ಬಾಟಲಿಗೆ ಜಾಗ ಕೊಡೋ ಮಾತಾ, ಇಲ್ಲ ಬೇರೆ ಏನಾದ್ರೂನಾ?"

"ಬೇರೇನೇ. ಬಾಯಿಬಿಟ್ಟು ಹೇಳ್ಬೇಕಾ?"

"ಹೇಳ್ಬೇಕು. ನಾನು ಸ್ವಲ್ಪ ದಡ್ಡ."

ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಕೈಯಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

"ನೀನು ಬಂದ ದಿನ ನನಗೆ ಬಣ್ಣ ಸರಿಯಾಗಿ ಕಲಸೋಕಾಗಲ್ಲ. ಬರದ ದಿನ ಕಲಸೋಕೆ ಮನಸ್ಸೇ ಬರಲ್ಲ. ಇದಕ್ಕೆ ಏನಂತಾರೋ ನೀನೇ ಹೇಳು."

ಹ್ಯಾಮಿಶ್ ಎರಡು ಹೆಜ್ಜೆ ಮುಂದೆ ಬಂದು, ಅವಳ ಹಣೆಗೆ ತನ್ನ ಹಣೆ ತಾಗಿಸಿ ನಿಂತ. ಆಮೇಲೆ ಮುತ್ತಿಟ್ಟ, ಅವಸರವಿಲ್ಲದೆ. ಅವನ ತುಟಿಯಲ್ಲಿ ಕಡಲ ಉಪ್ಪಿತ್ತು.

"ಫಾರಮ್ಮಿನವರಿಗೆ ಏನು ಹೇಳ್ತೀಯ?" ಅವಳು ಪಿಸುಗುಟ್ಟಿದಳು.

"ನಿಜಾನೇ ಹೇಳ್ತೀನಿ. ನನ್ನ ಗಿಡ ಕುದಿಸಿದವಳು ಪರಿಹಾರ ಕೊಡೋಕೆ ಒಪ್ಪಿದಾಳೆ ಅಂತ."

ಅವಳು ಅವನ ಎದೆಗೆ ಗುದ್ದಿದಳು. ಅವನು ನಗುತ್ತಲೇ ಹೋಗಿ, ಲಾರಿಯನ್ನು ಹಿಂದಕ್ಕೆ ತಂದು ಕೊಟ್ಟಿಗೆಯ ಬಾಗಿಲಿಗೆ ನಿಲ್ಲಿಸಿದ. ಐಸ್ ಡಬ್ಬಿಯ ಮುಚ್ಚಳ ತೆಗೆದು ಮೊದಲ ಬಾಟಲಿಯನ್ನು ಅವಳ ಕೈಗೆ ಕೊಟ್ಟ. "ಮೆಲ್ಲಗೆ," ಎಂದ.

ನೆರಿಡಾ ನೋಡಿದಳು. ತಿಳಿನೀರು, ಅಷ್ಟೇ.

"ಇದ್ರಲ್ಲಿ ಏನೂ ಇಲ್ವಲ್ಲೋ."

"ಬಾಗಿಲ ಬೆಳಕಿಗೆ ಹಿಡಿ."

ಹಿಡಿದಳು. ತಳದಲ್ಲಿ ಕಂದು ಧೂಳಿನಂಥದ್ದು ಒಂದು ಚಿಟಿಕೆ ಇತ್ತು. ಕೈ ಅಲುಗಿದಾಗ ಅದು ಎದ್ದು, ಸುತ್ತಿ, ಮತ್ತೆ ಕೂತಿತು.

"ಇಷ್ಟೇನಾ?"

"ಇಷ್ಟೇ," ಎಂದ ಹ್ಯಾಮಿಶ್, ಎರಡನೆಯ ಬಾಟಲಿ ಎತ್ತಿಕೊಳ್ಳುತ್ತ. "ಬದುಕಿದ್ರೆ ಈ ಕೊಲ್ಲಿ ತುಂಬುತ್ತೆ."

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ತಣ್ಣನೆ ಕತ್ತಲೊಳಗೆ ನಡೆದಳು. ಅವನು ಮೊಣಕೈಯಿಂದ ಬಾಗಿಲು ಹಿಡಿದುಕೊಂಡು, ಅವಳ ಹಿಂದೆಯೇ ಬಂದ.